ಖಾಲಿ ಪೆಟ್ಟಿಗೆಗಳ ಶುಕ್ರವಾರ

ನೀಲಾಂಬಿಕಾ ಕೈಯ ಹಿಂಬದಿಯನ್ನು ಒಲೆಯ ಪೆಟ್ಟಿಗೆಯ ಬಾಗಿಲಿಗೆ ತಾಗಿಸಿದಳು, ತಕ್ಷಣ ಹಿಂದಕ್ಕೆಳೆದುಕೊಂಡಳು. ಗಾಜಿನ ಆಚೆ ಹೊಗೆ. ಹೊಗೆಯ ನಡುವೆ ಏನೋ ಕೆಂಪಗೆ ಉಸಿರಾಡುತ್ತಿತ್ತು.

“ಬಾಗ್ಲಾ ತಗೀಬ್ಯಾಡ್ರಿ!”

“ನನ್ನ ರೊಟ್ಟಿ ಅದಾವ್ರೀ ಒಳಗ!” ಮನೆಯೊಡತಿ ಚಂಪಾಬಾಯಿ ಆಗಲೇ ಸೆರಗನ್ನು ಕೈಗೆ ಸುತ್ತಿಕೊಂಡು ಹಿಡಿಕೆಯತ್ತ ಬಾಗಿದ್ದಳು.

“ರೊಟ್ಟಿ ಹಾಳಾಗಿ ಹೋಗ್ಲಿ. ಮೇನ್ ಎಲ್ಲೈತ್ರಿ?”

“ಅಲ್ಲೆ, ಕ್ಯಾಲೆಂಡರ್ ಹಿಂದ…”

ನೀಲಾಂಬಿಕಾ ಕ್ಯಾಲೆಂಡರನ್ನು ಕಿತ್ತು ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಫ್ರಿಜ್ಜು, ಫ್ಯಾನು, ಪಡಸಾಲೆಯ ಟೀವಿ ಒಟ್ಟಿಗೆ ಸತ್ತವು. ಎಲ್ಲಕ್ಕಿಂತ ಕೊನೆಗೆ ಒಲೆಯ ಕೆಳಗಿನ ಪೆಟ್ಟಿಗೆಯೊಳಗೆ ತಿರುಗುತ್ತಿದ್ದ ಗಾಳಿಯ ಚಕ್ರ ನರಳಿ ನಿಂತಿತು. ಇನ್ನು ಕಾಯುವುದೊಂದೇ ಕೆಲಸ. ಗಾಳಿ ಸಿಗದಿದ್ದರೆ ಬೆಂಕಿ ತಾನಾಗಿ ಸಾಯುತ್ತದೆ, ಬಾಗಿಲು ತೆಗೆದರೆ ಮುಖಕ್ಕೆ ಹಾರುತ್ತದೆ. ಏಳು ವರ್ಷದಿಂದ ಈ ಮಾತನ್ನು ಸಾವಿರಾರು ಅಡುಗೆಮನೆಗಳಲ್ಲಿ ಹೇಳಿದ್ದಳು. ಕಣ್ಣಾರೆ ನೋಡುತ್ತಿದ್ದುದು ಇದೇ ಮೊದಲು.

ಕೆಂಪು ಕಂದಾಯಿತು, ಕಂದು ಕಪ್ಪಾಯಿತು. ಚಂಪಾಬಾಯಿ ಗೋಡೆಗೊರಗಿ ಕುಳಿತಳು.

“ನಲವತ್ತು ಸಜ್ಜಿ ರೊಟ್ಟಿ. ಎಳ್ಳ ಹಚ್ಚಿ ಬಡದಿದ್ದೆ. ಅಮಾಸಿಗೆ ಹೊಲಕ್ಕ ಒಯ್ಯೂವು.” ಆಮೇಲೆ ಸಿಟ್ಟು ಬಂತು. “ನೀವು ಒಲಿ ನೋಡಾಕ ಬಂದೀರೋ, ಮನಿ ಸುಡಾಕ ಬಂದೀರೋ?”

ನೀಲಾಂಬಿಕಾ ಅಡುಗೆ ಕಟ್ಟೆಯತ್ತ ತಿರುಗಿದಳು. ಕಟ್ಟೆಯ ಮೇಲಿದ್ದ ಟ್ಯಾಬಿನಲ್ಲಿ ಹಸಿರು ಅಕ್ಷರಗಳು ಮೂಡಿದ್ದವು. ಪೆಟ್ಟಿಗೆ: ಖಾಲಿ. ಪರೀಕ್ಷೆ: ತೇರ್ಗಡೆ.

ಅಷ್ಟರಲ್ಲಿ ಫೋನು ಬಂತು. ಕಂಟ್ರೋಲ್ ರೂಮಿನ ತನ್ವೀರ. “ಅಕ್ಕಾ, ನಿಮ್ಮ ಮನಿ ಪಾಸಾತು. ಆದ್ರ ಲೈನ್ ಯಾಕ ಹೋತು?”

“ನಾ ಇನ್ನೂ ಕೈ ತೊಳ್ಕೊಳ್ಳಾಕತ್ತಿದ್ದೆ ತನ್ವೀರ. ಪೆಟ್ಟಿಗಿ ತಗದ ನೋಡಿರ್ಲಿಲ್ಲ. ಯಾರ್ ಚಾಲೂ ಮಾಡಂದ್ರು ನಿನಗ?”

“ಯಾರೂ ಅನ್ಲಿಲ್ಲಕ್ಕಾ. ಖಾಲಿ ಐತಿ ಅಂತ ತೋರಿಸ್ತು. ತಾನ ಚಾಲೂ ಆತು.”

*

ಸಿಲಿಂಡರುಗಳು ನಿಂತು ಏಳು ವರ್ಷವಾಗಿತ್ತು. ಅವುಗಳ ಜಾಗದಲ್ಲಿ ಗೃಹ ಸುರಕ್ಷಾ ಮಂಡಳಿ ಮನೆಮನೆಗೆ ಒಂದೊಂದು ವಿದ್ಯುತ್ ಒಲೆ ಕೊಟ್ಟಿತ್ತು. ಮೇಲೆ ಕಾಯುವ ಎರಡು ಬಿಲ್ಲೆ, ಕೆಳಗೆ ಗಾಜಿನ ಬಾಗಿಲಿನ ಬೇಯಿಸುವ ಪೆಟ್ಟಿಗೆ. ಬೇರೆ ಯಾವುದೋ ಊರಿನ ಅಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪೆಟ್ಟಿಗೆ ಅದು. ಹುಬ್ಬಳ್ಳಿಯಲ್ಲಿ ಅದರೊಳಗೆ ಯಾರೂ ಏನನ್ನೂ ಬೇಯಿಸಲಿಲ್ಲ. ಆದರೆ ಬಾಗಿಲು ಬಿಗಿಯಾಗಿ ಮುಚ್ಚುತ್ತಿತ್ತು, ಇರುವೆ ಹೋಗುತ್ತಿರಲಿಲ್ಲ. ಅಷ್ಟು ಸಾಕಾಯಿತು. ಮೊದಲ ವರ್ಷವೇ ಅದು ರೊಟ್ಟಿ ಡಬ್ಬಿಯಾಯಿತು.

ವರ್ಷಕ್ಕೊಮ್ಮೆ ಪ್ರತಿ ಅಡುಗೆಮನೆಯ ತಪಾಸಣೆ ಆಗಬೇಕೆಂದು ಕಾಯ್ದೆ. ಅವಳಿ ನಗರದ ಅರವತ್ತೊಂದು ಸಾವಿರ ಮನೆಗಳಿಗೆ ಮೂವತ್ತೊಂದು ಇನ್‌ಸ್ಪೆಕ್ಟರುಗಳು. ಎಷ್ಟು ಓಡಿದರೂ ಅರ್ಧ ಮನೆಗಳು ಉಳಿಯುತ್ತಿದ್ದವು. ಅವರಲ್ಲೊಬ್ಬಳಾದ ನೀಲಾಂಬಿಕಾಳದೊಂದು ಕ್ರಮವಿತ್ತು. ಚಪ್ಪಲಿ ಕಾಲಲ್ಲಿರಬೇಕು, ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು. ಮೊದಲು ಅರ್ಥಿಂಗ್. ಆಮೇಲೆ ಮಿಕ್ಸರು, ಫ್ರಿಜ್ಜು, ಒಲೆ, ಯಾವುದನ್ನೇ ಆಗಲಿ ಮುಟ್ಟುವುದು ಕೈಯ ಹಿಂಬದಿಯಿಂದ. ಕರೆಂಟು ಹೊಡೆದರೆ ಬೆರಳು ಮಡಚಿಕೊಳ್ಳುತ್ತವೆ. ಅಂಗೈಯಿಂದ ಮುಟ್ಟಿದವನು ಹಿಡಿದುಕೊಂಡೇ ಉಳಿಯುತ್ತಾನೆ, ಹಿಂಬದಿಯಿಂದ ಮುಟ್ಟಿದವನ ಕೈ ದೂರ ಸರಿಯುತ್ತದೆ. ಕೊನೆಗೆ ಪೆಟ್ಟಿಗೆ: ಬಾಗಿಲು ತೆಗೆದು, ಬಗ್ಗಿ ನೋಡಿ, ಒಳಗಿರುವುದನ್ನೆಲ್ಲ ಹೊರಗಿಟ್ಟು, ಆಮೇಲೆ ಗುಂಡಿ.

ಈಗ ಮಂಡಳಿಗೆ ಅದೆಲ್ಲ ಬೇಡವಾಗಿತ್ತು. ಪೆಟ್ಟಿಗೆಯ ಒಳಗೋಡೆಯಲ್ಲಿ ಕಡಲೆಕಾಳಿನಷ್ಟು ದೊಡ್ಡದೊಂದು ಸೆನ್ಸರು ಮೊದಲಿನಿಂದಲೂ ಇತ್ತು. ಅದು ಒಳಗೆ ಸಣ್ಣದೊಂದು ಅಲೆಯನ್ನು ಬಿಡುತ್ತದೆ. ನೀರಿನಂಶ ಇರುವ ಯಾವುದೇ ವಸ್ತು ಅಲೆಯನ್ನು ಹೀರುತ್ತದೆ, ಲೋಹವಾದರೆ ವಾಪಸು ಎಸೆಯುತ್ತದೆ. ಎರಡೂ ಆಗದಿದ್ದರೆ ಪೆಟ್ಟಿಗೆ ಖಾಲಿ. ಖಾಲಿ ಇದ್ದರೆ ಕಂಟ್ರೋಲ್ ರೂಮಿನಿಂದಲೇ ಅದನ್ನು ಆರು ನಿಮಿಷ ಇನ್ನೂರೈವತ್ತು ಡಿಗ್ರಿಗೆ ಕಾಯಿಸಿ, ತಾನಾಗಿ ಆರುತ್ತದೆಯೋ ಇಲ್ಲವೋ ನೋಡಬಹುದು. ಇಡೀ ಊರು, ಒಂದೇ ಸಲ, ಒಬ್ಬ ಮನುಷ್ಯನೂ ಮನೆಗೆ ಹೋಗದೆ. ಬರುವ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಅದರ ಮುಹೂರ್ತ.

ಅದಕ್ಕೂ ಮುಂಚಿನ ಕೊನೆಯ ತಾಲೀಮಿನಲ್ಲಿ ಚಂಪಾಬಾಯಿಯ ಮನೆಯಲ್ಲಿ ರೊಟ್ಟಿ ಸುಟ್ಟದ್ದು ಬುಧವಾರ. ಭಾನುವಾರ ಎಳ್ಳ ಅಮಾವಾಸ್ಯೆ.

*

ಕಂಟ್ರೋಲ್ ರೂಮಿನಲ್ಲಿ ಪ್ರಾತ್ಯಕ್ಷಿಕೆಗೆಂದು ಇಟ್ಟಿದ್ದ ಹೊಚ್ಚಹೊಸ ಒಲೆಯ ಮುಂದೆ ನೀಲಾಂಬಿಕಾ ಮಂಡಿಯೂರಿದ್ದಳು. ಹಿಂದೆ ತನ್ವೀರ. ಅವನ ಹಿಂದೆ ಮಂಡಳಿಯ ಜಿಲ್ಲಾ ಎಂಜಿನಿಯರ್ ಗುರುನಾಥ ಕಟ್ಟಿ, ಎರಡೂ ಕೈ ಹಿಂದೆ ಕಟ್ಟಿಕೊಂಡು.

ಅವಳು ಒದ್ದೆ ಬಟ್ಟೆಯೊಂದನ್ನು ಒಳಗಿಟ್ಟಳು. ಪರದೆಯಲ್ಲಿ ಕೆಂಪು: ವಸ್ತು ಇದೆ. ಸ್ಟೀಲಿನ ತಟ್ಟೆ ಇಟ್ಟಳು: ವಸ್ತು ಇದೆ. ಒಂದು ಬಾಳೆಹಣ್ಣು ಇಟ್ಟಳು: ವಸ್ತು ಇದೆ. ಆಮೇಲೆ ಚೀಲದಿಂದ ಕಡಕ್ ರೊಟ್ಟಿಯ ಗಂಟೊಂದನ್ನು ತೆಗೆದಳು. ಹಳೆಯ ಧೋತರದಲ್ಲಿ ಸುತ್ತಿದ ಮೂವತ್ತು ರೊಟ್ಟಿ, ಹಪ್ಪಳದಂತೆ ಒಣಗಿದವು. ಇಟ್ಟು ಬಾಗಿಲು ಮುಚ್ಚಿದಳು.

ಖಾಲಿ.

“ಮತ್ತೊಮ್ಮೆ ಇಡ್ರಿ,” ಎಂದರು ಕಟ್ಟಿ.

ಮತ್ತೊಮ್ಮೆ ಇಟ್ಟಳು. ಖಾಲಿ.

ತನ್ವೀರ ನಕ್ಕುಬಿಟ್ಟ. “ಬರೋಬ್ಬರಿ ಐತಲ್ಲ ಸರ್. ತಿಂಗಳಾನಗಟ್ಲೆ ಕೆಡಬಾರ್ದಂತ ಹನಿ ನೀರ್ ಉಳೀದಂಗ ಒಣಗಿಸ್ತಾರ. ಈ ಛಳಿಗಾಲದ ಗಾಳ್ಯಾಗ ಸುತ್ತಿದ ಅರಿವಿನೂ ಒಣಗಿರತೈತಿ. ಮಿಷನ್ನಿಗೆ ಕಾಣೂದ ಇಲ್ಲ.”

“ನಗಬ್ಯಾಡ,” ಎಂದಳು ನೀಲಾಂಬಿಕಾ.

ಕಟ್ಟಿ ಕುರ್ಚಿ ಎಳೆದುಕೊಂಡು ಕುಳಿತರು. ಕೆಟ್ಟ ಮನುಷ್ಯರಲ್ಲ. ಬೆವರು ಒರೆಸಿಕೊಂಡ ರೀತಿಯಲ್ಲೇ ಅವರಿಗೆ ಎಲ್ಲ ಅರ್ಥವಾಗಿದೆಯೆಂದು ತಿಳಿಯುತ್ತಿತ್ತು.

“ಜೂನ್ ತಿಂಗಳದಾಗ ಈ ಸೆನ್ಸರ್ ಪರೀಕ್ಷಾಕ್ಕ ನೀವ ಇನ್ನೂರು ಮನಿ ನೋಡೀರಿ. ಒಂದೂ ತಪ್ಪಿಲ್ಲ ಅಂತ ನೀವ ಬರದೀರಿ. ಆವಾಗ ಯಾರ ಮನ್ಯಾಗೂ ರೊಟ್ಟಿ ಇರಲಿಲ್ಲೇನು?”

ಬೆಳಗ್ಗಿನಿಂದ ಅವಳನ್ನು ಸುಡುತ್ತಿದ್ದ ಪ್ರಶ್ನೆ ಅದೇ. ರೊಟ್ಟಿ ಇದ್ದವು. ಆದರೆ ಇನ್‌ಸ್ಪೆಕ್ಟರ್ ಬಾಯಾರು ಬರುತ್ತಾರೆಂದರೆ ಹೆಂಗಸರು ಬೀಗರು ಬಂದಂತೆ ಅಡುಗೆಮನೆ ಬಳಿಯುತ್ತಿದ್ದರು, ಪೆಟ್ಟಿಗೆಯಲ್ಲಿದ್ದುದನ್ನು ಮಂಚದ ಕೆಳಗೆ ಅಡಗಿಸುತ್ತಿದ್ದರು. ಎಲ್ಲೋ ಒಂದೆರಡು ಗಂಟು ಉಳಿದಿದ್ದರೆ ಅವಳೇ ಬಾಗಿಲು ತೆಗೆದು, ಬಗ್ಗಿ ನೋಡಿ, ಹೊರಗಿಟ್ಟು, ಆಮೇಲೆ ಕಂಟ್ರೋಲ್ ರೂಮಿಗೆ ಹೂಂ ಎನ್ನುತ್ತಿದ್ದಳು. ಅಭ್ಯಾಸ. ಹಾಗಾಗಿ ಸೆನ್ಸರು ನೋಡಿದ ಇನ್ನೂರು ಪೆಟ್ಟಿಗೆಗಳೂ ನಿಜವಾಗಿಯೇ ಖಾಲಿಯಾಗಿದ್ದವು. ಅದು ಸರಿಯಾಗಿಯೇ ಹೇಳಿತ್ತು.

“ನಾ ಪರೀಕ್ಷಾ ಮಾಡಿದ್ದು ಮಿಷನ್ನಲ್ಲ ಸರ್,” ಎಂದಳು. “ನನ್ನನ್ನ ನಾ ಪರೀಕ್ಷಾ ಮಾಡ್ಕೊಂಡಿದ್ದೆ. ಆ ವರದಿ ಖರೇ ಅಲ್ಲ. ಶುಕ್ರವಾರದ್ದು ನಿಲ್ಲಸ್ರಿ.”

“ನಿಲ್ಲಸಿದ್ರ ಏನಾಗ್ತದ ಗೊತ್ತದ ಏನು?” ಕಟ್ಟಿ ಗೋಡೆಯ ಮೇಲಿನ ದೊಡ್ಡ ನಕ್ಷೆಯತ್ತ ಕೈ ಮಾಡಿದರು. “ಹಳೇ ಪ್ರಮಾಣಪತ್ರ ಎಲ್ಲಾ ಶನಿವಾರಕ್ಕ ಮುಗೀತಾವ, ಹೊಸಾದು ಇಲ್ಲದ ಮನೀದು ಅವತ್ತ ಸಂಜೀ ಆರಕ್ಕ ಅಡಗೀಮನಿ ಲೈನು ತಾನ ಕಟ್ಟಾಗ್ತದ. ಈ ವರ್ಷದ ಹೊಸಾ ಕಾಯ್ದೆ. ನನ್ನ ಕೈಯಾಗ ಇಲ್ಲ, ನಿಮ್ಮ ಕೈಯಾಗೂ ಇಲ್ಲ. ಅರವತ್ತೊಂದು ಸಾವಿರ ಒಲಿ ಆರ್ತಾವ, ಹಬ್ಬದ ಹಿಂದಿನ ದಿನ. ಮಂದಿ ಆಫೀಸಿಗೆ ಕಲ್ಲು ಒಗೀತಾರ.”

“ಬೆಂಕಿ ಹತ್ತಿದ್ರ?”

“ಎಲ್ಲಾರಿಗೂ ಮೆಸೇಜ್ ಹೋಗ್ಯದ. ಪೆಟ್ಟಿಗಿ ಖಾಲಿ ಇಡ್ರಿ, ಆರು ನಿಮಿಷ ಅಡಗೀಮನಿ ಬಿಟ್ಟು ಹೊರಗಿರ್ರಿ ಅಂತ.”

ತನ್ವೀರ ಮೆಸೇಜನ್ನು ಗಟ್ಟಿಯಾಗಿ ಓದಿದ. “‘ಸದರಿ ಕೋಷ್ಠವು ನಿರ್ವಸ್ತುಕವಾಗಿರತಕ್ಕದ್ದು.’ ಸರ್, ನಾ ಎಂ.ಎಸ್ಸಿ. ನನಗ ತಿಳೀಲಿಲ್ಲ.”

“ಬ್ಯಾರೆ ಮೆಸೇಜ್ ಕಳಿಸ್ರಿ ಮತ್ತ. ಸೆನ್ಸರಿಗೆ ರೊಟ್ಟಿ ಕಾಣಂಗಿಲ್ಲ ಅಂತ ನೆಟ್ಟಗ ಬರೀರಿ,” ಎಂದಳು ನೀಲಾಂಬಿಕಾ.

“ಹಂಗ ಬರದ್ರ ಇಡೀ ರಾಜ್ಯದ್ದು ನಿಂತುಹೋಗ್ತದ. ಮ್ಯಾಲಿನವರು ಒಪ್ಪಂಗಿಲ್ಲ.” ಕಟ್ಟಿ ಎದ್ದರು. ಬಾಗಿಲ ಬಳಿ ನಿಂತು, ತಿರುಗದೆ ಹೇಳಿದರು, “ಇನ್ನೊಂದು ಮಾತು. ಶುಕ್ರವಾರ ಆದಮ್ಯಾಲ ಮೂವತ್ತೊಂದು ಮಂದಿಗೆ ಕೆಲಸಿಲ್ಲ. ಇದು ನೌಕರಿ ಉಳಿಸ್ಕೊಳ್ಳಲಿಕ್ಕೆ ಹೂಡಿದ ಆಟ ಅಂತ ಅವರು ಅಂತಾರ. ನಾನಲ್ಲ. ಅವರು.”

*

ಅವಳ ಅಕ್ಕ ಗಂಗವ್ವನ ಕೈಯಲ್ಲಿ ರೊಟ್ಟಿ ಒಂದೇ ಲಯದಲ್ಲಿ ತಿರುಗುತ್ತಿತ್ತು. ಟಪಟಪ, ಟಪಟಪ. ಈ ವಾರ ಆ ಸದ್ದು ಆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅಮಾವಾಸ್ಯೆಗೆ ಮನೆಯಲ್ಲಿ ಬಡಿಯಲಾಗದವರೆಲ್ಲ ಗಂಗವ್ವನ ಹತ್ತಿರ ಹೇಳಿಟ್ಟಿದ್ದರು.

“ಎಷ್ಟ್ ಆದುವು?” ಎಂದಳು ನೀಲಾಂಬಿಕಾ.

“ಹನ್ನೆರಡನೂರು.”

“ಎಲ್ಲಿಟ್ಟಿ?”

ಗಂಗವ್ವ ಹಿಟ್ಟಿನ ಕೈಯಿಂದಲೇ ಓಣಿಯತ್ತ ತೋರಿಸಿದಳು. “ನಮ್ಮ ಪೆಟ್ಟಿಗ್ಯಾಗ ನೂರ ಅದಾವ. ಉಳದಿದ್ದು ಹತ್ತ ಮನ್ಯಾಗ. ಎಲ್ಲಾರೂ ತಮ್ಮ ಪೆಟ್ಟಿಗಿ ಕೊಟ್ಟಾರ, ಪಾಪ. ಶಿವಕ್ಕನ ಪೆಟ್ಟಿಗ್ಯಾಗ ನೂರಾ ಇಪ್ಪತ್ತ ಇಟ್ಟೀನಿ, ಆಕಿದು ಖಾಲಿನ ಇತ್ತು.”

ನೀಲಾಂಬಿಕಾ ಓಣಿಯತ್ತ ತಿರುಗಿದಳು. ಶಿವಕ್ಕನದು ಒಂದೇ ಕೋಣೆಯ ಮನೆ. ಒಲೆಯಿಂದ ಮಂಚಕ್ಕೆ ಮೂರು ಹೆಜ್ಜೆ. ಮಂಚದ ಮೇಲೆ ಶಿವಕ್ಕ, ತೊಡೆಯವರೆಗೆ ಪ್ಲಾಸ್ಟರು ಹಾಕಿದ ಕಾಲು. ಮಗಳು ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸಿಗೆ ಹೋದರೆ ಬರುವುದು ಸಂಜೆ. ಆರು ನಿಮಿಷ ಅಡುಗೆಮನೆ ಬಿಟ್ಟು ಹೊರಗಿರಿ ಎಂದರೆ ಆಕೆ ಎಲ್ಲಿಗೆ ಹೋಗಬೇಕು? ಪರೀಕ್ಷೆ ಶುರುವಾದರೆ ಗಾಳಿಯ ಚಕ್ರ ತಿರುಗುತ್ತಲೇ ಇರುತ್ತದೆ, ಬೆಂಕಿಗೆ ಊದುತ್ತಲೇ ಇರುತ್ತದೆ.

ಅವಳು ಅಕ್ಕನಿಗೆ ಎಲ್ಲ ಹೇಳಿದಳು. ಗಂಗವ್ವ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

“ರೊಟ್ಟಿ ಕಾಣದ ಮಿಷನ್ನಿಗೆ ಮತ್ತೇನ್ ಕಾಣತೈತಿ? ಒಬ್ಬ ಕಣ್ಣ ಮಂಜಾದ ಮುತ್ಯಾನ್ನ ಕುಂದ್ರಸಿದ್ರ ಇದಕ್ಕಿಂತ ನೆಟ್ಟಗ ನೋಡ್ತಿದ್ದ.”

“ಒಂದ ಉಪಾಯ ಐತಕ್ಕಾ. ಪೆಟ್ಟಿಗ್ಯಾಗ ಒಂದ ಬಟ್ಟಲ ನೀರಿಟ್ರ ಅದಕ್ಕ ಕಾಣತೈತಿ. ವಸ್ತು ಐತಿ ಅಂತ ಆ ಮನಿ ಬಿಟ್ಟ ಬಿಡತೈತಿ.”

ಟಪಟಪ ನಿಂತಿತು. “ನೀರಾ? ಕಡಕ್ ರೊಟ್ಟಿ ಬಾಜೂಕ ನೀರಾ? ಒಂದ ರಾತ್ರ್ಯಾಗ ಮೆತ್ತಗ ಚರ್ಮ ಆಗ್ತಾವ! ಜನ ನನ್ನ ಮಾರೀ ಮ್ಯಾಲ ಒಗದ ಹೋಗ್ತಾರ.”

“ಹಂಗಾರ ತಗದ ಹೊರಗಿಡು.”

“ನಾ ತಗೀತೀನವ್ವ. ಹತ್ತ ಮನಿಗೂ ನಾನ ಹೋಗಿ ತಗಸ್ತೀನಿ. ಊರಾಗಿನ ಮಂದೀಗೆ ಯಾರ್ ಹೇಳಾವ್ರು?”

ಗುರುವಾರವಿಡೀ ನೀಲಾಂಬಿಕಾ ಹೇಳುತ್ತ ತಿರುಗಿದಳು. ಉಳಿದ ಮೂವತ್ತು ಇನ್‌ಸ್ಪೆಕ್ಟರುಗಳಿಗೆ ಫೋನು ಮಾಡಿದಳು. ಒಂಬತ್ತು ಜನ ಹೂಂ ಎಂದರು, ಉಳಿದವರಿಗೆ ಹೊಸ ಕೆಲಸ ಹುಡುಕುವ ಗಡಿಬಿಡಿ. ಸಂಜೆಯ ಹೊತ್ತಿಗೆ ಹತ್ತು ಜನ ಸೇರಿ ಆರುನೂರು ಮನೆ. ಅರ್ಧಕ್ಕರ್ಧ ಮನೆಗಳಿಗೆ ಬೀಗ, ಹಬ್ಬಕ್ಕೆಂದು ಊರಿಗೆ ಹೋದವರು, ಇಲ್ಲವೇ ಕೆಲಸಕ್ಕೆ ಹೋದವರು. ಬಾಗಿಲು ತೆಗೆದವರು ನಗುತ್ತಿದ್ದರು. “ನಮ್ಮದರಾಗ ಏನೂ ಇಲ್ರೀ,” ಎಂದೇ ಎಲ್ಲರ ಮೊದಲ ಮಾತು. ಅವಳು ಒಳನುಗ್ಗಿ ಬಾಗಿಲು ತೆಗೆದರೆ ಗಂಟು. ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡು, “ಅಯ್ಯ, ಇವು ಬರೇ ರೊಟ್ಟಿ ಅಲ್ಲೇನ್ರೀ,” ಎನ್ನುತ್ತಿದ್ದರು. ರೊಟ್ಟಿ ಎಂದರೆ ಅವರ ಲೆಕ್ಕದಲ್ಲಿ ಏನೋ ಇಟ್ಟಂತೆಯೇ ಅಲ್ಲ.

ಅವಳು ಮಲಗಿದಾಗ ಕಣ್ಣ ಮುಂದೆ ಕಂಟ್ರೋಲ್ ರೂಮಿನ ನಕ್ಷೆ ಬಂತು. ಅರವತ್ತೊಂದು ಸಾವಿರ ಹಸಿರು ಚುಕ್ಕೆಗಳು, ಒಂದೊಂದರೊಳಗೂ ಒಣ ಬಟ್ಟೆಯ ಗಂಟು.

*

ಶುಕ್ರವಾರ ಹತ್ತೂವರೆಗೆ ಕಂಟ್ರೋಲ್ ರೂಮು ತಣ್ಣಗಿತ್ತು. ಗೋಡೆಯ ಮೇಲೆ ನಕ್ಷೆ ಬೆಳಗುತ್ತಿತ್ತು. ತನ್ವೀರ ತನ್ನ ಮೇಜಿನಲ್ಲಿ ತಲೆ ಎತ್ತದೆ ಕುಳಿತಿದ್ದ. ನೀಲಾಂಬಿಕಾ ಒಳಬಂದಾಗ, “ಅಕ್ಕಾ,” ಎಂದಷ್ಟೇ ಅಂದು ಪರದೆ ತೋರಿಸಿದ. ಮೂಲೆಯಲ್ಲಿ ಎರಡು ಸಂಖ್ಯೆಗಳು. ವಸ್ತು ಇದೆ: ಎರಡು ಸಾವಿರದ ನಾನೂರು. ಖಾಲಿ: ಐವತ್ತೆಂಟು ಸಾವಿರದ ಆರುನೂರು.

“ಇದು ಖರೇ ಇರಾಕ ಸಾಧ್ಯನ ಇಲ್ಲಕ್ಕಾ,” ಎಂದು ಪಿಸುಗುಟ್ಟಿದ. “ನಮ್ಮವ್ವನ ಪೆಟ್ಟಿಗಿನೂ ಖಾಲಿ ಅಂತ ತೋರಸಾಕತ್ತೈತಿ. ನಿನ್ನೆ ಬಾಜೂ ಮನ್ಯಾರು ಕೊಟ್ಟ ರೊಟ್ಟಿ ನಾನ ಇಟ್ಟೀನಿ. ಈಗ ಫೋನ್ ಮಾಡಿ ತಗಸಿದೆ.”

“ಉಳದವ್ರ ಅವ್ವಂದಿರು?”

ತನ್ವೀರ ಮತ್ತೆ ಪರದೆಯ ಕಡೆ ತಿರುಗಿದ.

ಕಟ್ಟಿ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು, ಕುಳಿತುಕೊಳ್ಳಲು ಹೇಳಿದರು, ಚಹಾ ತರಿಸಿದರು. ಮೇಜಿನ ಮೇಲೆ ಟ್ಯಾಬು ಇತ್ತು, ಅದರಲ್ಲಿ ಒಂದು ಪುಟ. ‘ಸೆನ್ಸರನ್ನು ಈ ಜಿಲ್ಲೆಯ ಅಡುಗೆಮನೆಗಳಲ್ಲಿ ಖುದ್ದಾಗಿ ಪರಿಶೀಲಿಸಿದ್ದೇನೆ. ಸಾಮೂಹಿಕ ಪರೀಕ್ಷೆಗೆ ಅಡ್ಡಿಯಿಲ್ಲ.’ ಕೆಳಗೆ ಅವಳ ಹೆಸರು, ಅದರ ಕೆಳಗೆ ಖಾಲಿ ಗೆರೆ.

“ಜೂನ್ ತಿಂಗಳದ ಪರಿಶೀಲನಾ ನೀವು ಮಾಡಿದವರು. ನಿಮ್ಮ ಸಹಿ ಇಲ್ಲದ ಅದು ಚಾಲೂ ಆಗಂಗಿಲ್ಲ,” ಎಂದರು ಕಟ್ಟಿ. “ಬ್ಯಾರೆಯವರ ಕಡೆ ಮಾಡಸಬೇಕಂದ್ರ ಮತ್ತ ಇನ್ನೂರು ಮನಿ, ಹದಿನೈದು ದಿನ.”

“ಹದಿನೈದ ದಿನ ತಗೋರಿ ಸರ್.”

“ನಾಳೆ ಸಂಜೀ ಆರು ಗಂಟೆ ಅದ ನಮ್ಮ ಮುಂದ.”

“ಅಷ್ಟೂ ಒಲಿ ಆರಿದ್ರ ಮಂದಿ ಬೈತಾರ. ನನ್ನ ಅಕ್ಕ ಮೊದಲ ಬೈತಾಳ, ಇನ್ನೂ ಆಕಿ ಹೋಳಿಗಿ ಆಗಬೇಕು. ಬೈಲಿ. ಕಟ್ಟಿಗಿ ಒಲಿ ಹೂಡಿ ಅಂಗಳದಾಗ ಮಾಡ್ತಾರ.” ಅವಳು ಚಹಾದ ಕಪ್ಪನ್ನು ಎತ್ತಿದಳು, ಕುಡಿಯದೆ ಇಟ್ಟಳು. “ಜೂನ್ದಾಗ ಮಾಡಿದ ಸಹಿನೂ ನಾ ವಾಪಸ್ ತಗೋತೀನಿ. ತಪ್ಪು ನಂದು ಅಂತ ಬರದ ಕೊಡ್ತೀನಿ.”

“ಬರದ ಕೊಟ್ರ ನೀವು ಅವತ್ತ ಸುಳ್ಳು ವರದಿ ಕೊಟ್ಟಂಗ ಆಗ್ತದ. ನೌಕರಿ ಅಷ್ಟ ಅಲ್ಲ, ಕೇಸ್ ಆಗ್ತದ ನಿಮ್ಮ ಮ್ಯಾಲ.”

“ಆಗ್ಲಿ.”

ಕಟ್ಟಿ ಗಡಿಯಾರ ನೋಡಿದರು. ಹತ್ತು ಐವತ್ತೊಂದು. ಎದ್ದು ಬಾಗಿಲು ಹಾಕಿ ಬಂದರು. ಅವರ ಧ್ವನಿ ಈಗ ಮನೆಯ ಹಿರಿಯರ ಧ್ವನಿಯಂತಿತ್ತು.

“ನೋಡ್ರಿ ನೀಲಾಂಬಿಕಾ. ನನಗೂ ಹೊಟ್ಟಿ ಉರೀತದ. ನಿನ್ನೆ ನನ್ನ ಹೆಂಡತಿಗೆ ಪೆಟ್ಟಿಗಿ ತಗದು ನೋಡು ಅಂತ ಮೂರು ಸಲ ಹೇಳೀನಿ. ಎಲ್ಲಾ ಮನ್ಯಾಗೂ ಬೆಂಕಿ ಹತ್ತಂಗಿಲ್ಲ. ಎಷ್ಟೋ ರೊಟ್ಟಿ ಬರೇ ಕರಕಾಗಿ ಸುಮ್ಮನಾಗ್ತಾವ. ಹತ್ತು ಕಡೆ ಹತ್ತಬಹುದು. ಇಪ್ಪತ್ತು. ಫೈರ್ ಗಾಡಿ ನಾಕು ನಿಲ್ಲಿಸೀನಿ.”

“ಯಾವ ಇಪ್ಪತ್ತ ಮನಿ ಸರ್?”

ಕಟ್ಟಿ ಟ್ಯಾಬಿನ ಮೇಲೆ ಬೆರಳಾಡಿಸಿ ಇನ್ನೊಂದು ಪುಟ ತೆರೆದು ಅವಳತ್ತ ತಿರುಗಿಸಿದರು. ಅದರಲ್ಲಿ ಅವಳ ಓಣಿಯ ಹೆಸರಿತ್ತು. ಹನ್ನೊಂದು ಮನೆಗಳು, ಒಂದರ ಕೆಳಗೊಂದು. ನಾಲ್ಕನೆಯದು ಶಿವಕ್ಕನದು.

“ಗುರ್ತು ಹಿಡಿದೀರಿಲ್ಲೊ? ನಿನ್ನೆ ನೀವು ತನ್ವೀರಗ ಹೇಳಿದ್ದು ನಾ ಕೇಳೀನಿ, ನಿಮ್ಮ ಅಕ್ಕನ ಮನಿ, ಆಕಿ ರೊಟ್ಟಿ ಇಟ್ಟ ಹತ್ತು ಮನಿ. ಇವನ್ನ ಪಟ್ಟಿಯಿಂದ ತಗದೀನಿ. ಪರೀಕ್ಷಾ ಇಲ್ಲ. ನಾಳೆ ಲೈನೂ ಹೋಗಂಗಿಲ್ಲ, ಪ್ರಮಾಣಪತ್ರ ನಾನ ಕೊಡ್ತೀನಿ. ಆ ಕಾಲು ಮುರದ ಶಿವಕ್ಕಗ ಏನೂ ಆಗಂಗಿಲ್ಲ. ಕಂಟ್ರೋಲ್ ರೂಮಿನಾಗ ಒಂದು ಕಾಯಂ ಜಾಗ ಅದ, ಮೂವತ್ತೊಂದು ಮಂದ್ಯಾಗ ಒಬ್ಬರಿಗೆ. ಅದು ನಿಮಗ. ಬಾಯಿ ಮಾತಲ್ಲ, ಆರ್ಡರ್ ಟೈಪ್ ಆಗೇದ.”

ಗಾಜಿನ ಆಚೆ ತನ್ವೀರ ಎದ್ದು ನಿಂತು ಇತ್ತಲೇ ನೋಡುತ್ತಿದ್ದ. ಅವನ ಹಿಂದೆ ನಕ್ಷೆ. ನೀಲಾಂಬಿಕಾ ನಕ್ಷೆಯಲ್ಲಿ ತನ್ನ ಓಣಿಯನ್ನು ಹುಡುಕಿದಳು. ಹನ್ನೊಂದು ಚುಕ್ಕೆಗಳು ಈಗಾಗಲೇ ಬೂದು ಬಣ್ಣಕ್ಕೆ ತಿರುಗಿದ್ದವು. ಸುತ್ತಲೂ ಹಸಿರು. ಪಕ್ಕದ ಓಣಿ ಹಸಿರು, ಅದರಾಚೆಯ ಓಣಿ ಹಸಿರು. ಆ ಓಣಿಗಳಲ್ಲೂ ಮಂಚಗಳಿದ್ದವು, ಕೆಲಸಕ್ಕೆ ಹೋದ ಹೆಣ್ಣುಮಕ್ಕಳಿದ್ದರು. ಅವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕಟ್ಟಿಯವರಿಗೂ ಗೊತ್ತಿರಲಿಲ್ಲ. ಈ ಇಡೀ ಲೆಕ್ಕ ನಿಂತಿದ್ದುದೇ ಆ ಗೊತ್ತಿಲ್ಲದಿರುವುದರ ಮೇಲೆ.

ಅಕ್ಕ ಹತ್ತು ಮನೆಯ ಗಂಟನ್ನೂ ತೆಗೆಸಿದ್ದಾಳೋ ಇಲ್ಲವೋ, ಶಿವಕ್ಕನಂತೂ ಉಳಿದಳು. ಆ ಯೋಚನೆ ಬಂದೊಡನೆ ಎದೆಯಲ್ಲಿ ಏನೋ ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಅವಳಿಗೇ ಹೆದರಿಕೆಯಾಯಿತು.

ಹತ್ತು ಐವತ್ತಾರು.

ಕಟ್ಟಿ ಮೊದಲಿನ ಪುಟವನ್ನು ಮತ್ತೆ ತಂದು ಟ್ಯಾಬನ್ನು ಅವಳ ಕೈಗೆ ತಾಗುವಷ್ಟು ಹತ್ತಿರ ಸರಿಸಿದರು. “ನಿಮ್ಮವರೆಲ್ಲಾ ಉಳದ್ರಲ್ಲವ್ವ. ಇನ್ನೇನು? ಮಾಡ್ರಿ.”

“ನಾ ಸಹಿ ಮಾಡೂದಿಲ್ರಿ,” ಎಂದಳು ನೀಲಾಂಬಿಕಾ.